ಎಳೆದದ್ದು 20, ದಾರದಲ್ಲಿ ಸಿಕ್ಕಿದ್ದು 8: ಉಳಿದ 12 ಎಲ್ಲಿ ಹೋಯಿತು?

ಪ್ರಶ್ನೆ: ನುಣುಪಾದ ನೆಲದ ಮೇಲೆ 3 ಕೆಜಿ ಮತ್ತು 2 ಕೆಜಿಯ ಎರಡು ಪೆಟ್ಟಿಗೆಗಳನ್ನು ದಾರದಿಂದ ಕಟ್ಟಿ, 3 ಕೆಜಿಯದನ್ನು 20 ನ್ಯೂಟನ್ ಬಲದಿಂದ ಎಳೆದರೆ ನಡುವಿನ ದಾರದ ಟೆನ್ಷನ್ (ಬಿಗಿಯಾದ ದಾರ ಎಳೆಯುವ ಬಲ) ಎಷ್ಟು? ನಾನು 20 ಎಂದು ಬರೆದೆ. ಸರಿಯುತ್ತರ 8 ಅಂತೆ. ರಾಟೆಯ ಲೆಕ್ಕಗಳಲ್ಲೂ ಇದೇ ಕಥೆ, ನೇತಾಡುವ ವಸ್ತುವಿನ ತೂಕವೇ ಟೆನ್ಷನ್ ಅಂದುಕೊಂಡರೆ ತಪ್ಪಾಗುತ್ತದೆ. ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ, ಆದರೆ ಯಾಕೆ ಅಂತ ತಿಳಿಯುತ್ತಿಲ್ಲ. ಯಾವ ವಸ್ತುವಿಗೆ ಸಮೀಕರಣ ಬರೆಯಬೇಕು ಎನ್ನುವುದೂ ಪ್ರತಿ ಸಲ ಗೊಂದಲ.

ಉತ್ತರ: ನಿಮ್ಮ 20 ಸರಿ ಅಂತಲೇ ಸ್ವಲ್ಪ ಹೊತ್ತು ಇಟ್ಟುಕೊಳ್ಳೋಣ. ಏನಾಗುತ್ತದೆ ನೋಡಿ.

ಮುಂದಿನ 3 ಕೆಜಿ ಪೆಟ್ಟಿಗೆಯನ್ನು ಕೈ ಮುಂದಕ್ಕೆ 20 ನ್ಯೂಟನ್ ಎಳೆಯುತ್ತಿದೆ. ದಾರ ಅದನ್ನೇ ಹಿಂದಕ್ಕೆ 20 ನ್ಯೂಟನ್ ಎಳೆಯುತ್ತಿದೆ. ಸರಿಗೆ ಸರಿ ಆಯಿತು, ಆ ಪೆಟ್ಟಿಗೆ ನಿಂತಲ್ಲೇ ನಿಲ್ಲಬೇಕು. ಹಿಂದಿನ 2 ಕೆಜಿ ಪೆಟ್ಟಿಗೆಯನ್ನು ದಾರ ಮುಂದಕ್ಕೆ 20 ನ್ಯೂಟನ್ ಎಳೆಯುತ್ತಿದೆ, ತಡೆಯುವುದು ಏನೂ ಇಲ್ಲ. ವೇಗ ಏರುವ ದರವಾದ ವೇಗೋತ್ಕರ್ಷ ಅಂದರೆ ಬಲ ÷ ದ್ರವ್ಯರಾಶಿ, ಹಾಗಾಗಿ ಅದು 20 ÷ 2 = 10 ಮೀ/ಸೆ² ವೇಗೋತ್ಕರ್ಷದಲ್ಲಿ ಮುಂದಕ್ಕೆ ನುಗ್ಗಬೇಕು. ಮುಂದಿನದು ನಿಂತಿದೆ, ಹಿಂದಿನದು ನುಗ್ಗಿ ಬರುತ್ತಿದೆ. ಅಂದರೆ ದಾರ ಜೋಲು ಬಿತ್ತು. ಜೋಲು ಬಿದ್ದ ದಾರದಲ್ಲಿ ಟೆನ್ಷನ್ ಸೊನ್ನೆ. 20 ಅಂತ ಶುರು ಮಾಡಿ ಸೊನ್ನೆಗೆ ಬಂದು ನಿಂತೆವು!

ಸರಿ, ಸೊನ್ನೆಯೇ ಇರಲಿ ಅನ್ನೋಣ. ಆಗ ಮುಂದಿನದು 20 ÷ 3, ಅಂದರೆ ಸುಮಾರು 6.7ರ ವೇಗೋತ್ಕರ್ಷದಲ್ಲಿ ಓಡುತ್ತದೆ. ಹಿಂದಿನದು ಅಲ್ಲಾಡುವುದೇ ಇಲ್ಲ. ಒಂದು ಕ್ಷಣದಲ್ಲಿ ದಾರ ಬಿಗಿಯಾಗುತ್ತದೆ, ಸೊನ್ನೆ ಉಳಿಯುವುದಿಲ್ಲ. 5 ಇಟ್ಟು ನೋಡಿ. ಮುಂದಿನದಕ್ಕೆ ಉಳಿಯುವುದು 15 ನ್ಯೂಟನ್, ವೇಗೋತ್ಕರ್ಷ 5. ಹಿಂದಿನದಕ್ಕೆ 5 ನ್ಯೂಟನ್, ವೇಗೋತ್ಕರ್ಷ 2.5. ಇನ್ನೂ ಮುಂದಿನದೇ ಜೋರು, ದಾರ ಇನ್ನಷ್ಟು ಬಿಗಿಯಾಗುತ್ತದೆ. 10 ಇಟ್ಟರೆ ಮುಂದಿನದು 3.3, ಹಿಂದಿನದು 5. ಈಗ ಹಿಂದಿನದು ಜೋರಾಯಿತು, ದಾರ ಸಡಿಲವಾಗುತ್ತದೆ. 8 ಇಟ್ಟು ನೋಡಿ: ಮುಂದಿನದು 12 ÷ 3, ಹಿಂದಿನದು 8 ÷ 2. ಎರಡೂ 4.

ಎರಡು ಪೆಟ್ಟಿಗೆಗಳೂ ಒಟ್ಟಿಗೆ ಓಡಲು ಸಾಧ್ಯವಾಗುವುದು ಈ ಒಂದೇ ಸಂಖ್ಯೆಯಲ್ಲಿ. ದಾರಕ್ಕೆ ಇದು ಹೇಗೆ ಗೊತ್ತಾಗುತ್ತದೆ ಅಂತ ಕೇಳಬಹುದು. ನಿಜವಾದ ದಾರ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ತುಂಬಾ ಗಡುಸಾದ ಸ್ಪ್ರಿಂಗ್ ಥರ. ಟೆನ್ಷನ್ ಕಡಿಮೆ ಇದ್ದರೆ ಇನ್ನೂ ಹಿಗ್ಗಿ ಜಾಸ್ತಿ ಎಳೆಯುತ್ತದೆ. ಜಾಸ್ತಿ ಇದ್ದರೆ ಕುಗ್ಗಿ ಎಳೆತ ಇಳಿಸುತ್ತದೆ. ಹೀಗೆ ತಡಕಾಡಿ 8ಕ್ಕೆ ಬಂದು ಕೂರುವುದು ಎಷ್ಟು ಬೇಗ ಮುಗಿಯುತ್ತದೆ ಅಂದರೆ, ನಾವು ಲೆಕ್ಕ ಮಾಡುವಾಗ ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. 'ಹಿಗ್ಗದ ದಾರ' ಅಂತ ಲೆಕ್ಕದಲ್ಲಿ ಕೊಡುವುದು ಇದಕ್ಕೇ.

ಉಳಿದ 12 ಎಲ್ಲೂ ಹೋಗಿಲ್ಲ. 3 ಕೆಜಿ ಪೆಟ್ಟಿಗೆಯನ್ನು 4ರ ವೇಗೋತ್ಕರ್ಷದಲ್ಲಿ ಓಡಿಸಲು 3 × 4 = 12 ಬೇಕಲ್ವಾ? ಅದನ್ನು ಅದೇ ಇಟ್ಟುಕೊಂಡಿತು. ಕೊಟ್ಟ 20 ಅನ್ನು ಹಾಗೇ ಹಿಂದಕ್ಕೆ ತಲುಪಿಸುವ ಕೆಲಸ ದಾರದ್ದಲ್ಲ. ಅದರ ಕೆಲಸ ಹಿಂದಿನದನ್ನು ಜೊತೆಗೆ ಕರೆತರುವುದು, ಅದಕ್ಕೆ ಎಷ್ಟು ಬೇಕೋ ಅಷ್ಟೇ ಎಳೆಯುತ್ತದೆ. ತೂಕದಂತೆ ಅಥವಾ ಕೈಯ ಎಳೆತದಂತೆ ಮೊದಲೇ ಕೊಟ್ಟ ಸಂಖ್ಯೆಯಾಗಿ ಟೆನ್ಷನ್ ಬರುವುದಿಲ್ಲ. ಅದನ್ನು ಚಲನೆಯಿಂದ ಕಂಡುಹಿಡಿಯಬೇಕು.

ಈಗ ಅದೇ ಪೆಟ್ಟಿಗೆಗಳು, ಅದೇ 20 ನ್ಯೂಟನ್. ಆದರೆ 2 ಕೆಜಿಯ ಕಡೆಯಿಂದ ಎಳೆಯಿರಿ. ವೇಗೋತ್ಕರ್ಷ ಅದೇ 4. ದಾರ ಈಗ ಕರೆತರಬೇಕಾದ್ದು 3 ಕೆಜಿ, ಆದ್ದರಿಂದ ಟೆನ್ಷನ್ 12. ದಾರ ಬದಲಾಗಿಲ್ಲ, ಬಲ ಬದಲಾಗಿಲ್ಲ, ಟೆನ್ಷನ್ ಬದಲಾಯಿತು. 9 ನ್ಯೂಟನ್‌ಗೆ ಹರಿಯುವ ಬಡಪಾಯಿ ದಾರವಾದರೆ ಒಂದು ಕಡೆಯಿಂದ ಎಳೆದಾಗ ಉಳಿಯುತ್ತದೆ, ಇನ್ನೊಂದು ಕಡೆಯಿಂದ ಎಳೆದಾಗ ಪಟ್ ಅನ್ನುತ್ತದೆ. ಪಾಠದಲ್ಲಿ ಈ ಎರಡನೇ ಭಾಗವನ್ನು ಯಾಕೋ ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಮೊದಲನೆಯದಕ್ಕಿಂತ ಇದೇ ಮುಖ್ಯ ಅನ್ನಿಸುತ್ತದೆ.

ಯಾವ ವಸ್ತುವಿಗೆ ಸಮೀಕರಣ ಬರೆಯಬೇಕು ಎನ್ನುವ ಗೊಂದಲಕ್ಕೂ ಉತ್ತರ ಇಲ್ಲೇ ಇದೆ. ಮೊದಲು ಎಲ್ಲವನ್ನೂ ಸೇರಿಸಿ ಒಂದೇ ಗಂಟು ಅಂದುಕೊಳ್ಳಿ. 5 ಕೆಜಿ, 20 ನ್ಯೂಟನ್, ವೇಗೋತ್ಕರ್ಷ 4. ಗಂಟಿನೊಳಗಿನ ದಾರ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಯಾಕೆಂದರೆ ಒಂದನ್ನು ಹಿಂದಕ್ಕೆ ಎಷ್ಟು ಎಳೆಯುತ್ತದೋ ಇನ್ನೊಂದನ್ನು ಮುಂದಕ್ಕೆ ಅಷ್ಟೇ ಎಳೆಯುತ್ತದೆ. ಆಮೇಲೆ ದಾರವನ್ನು ಮನಸ್ಸಿನಲ್ಲೇ ಕತ್ತರಿಸಿ. ಎರಡು ಬದಿಗಳಲ್ಲಿ ಯಾವುದರ ಮೇಲೆ ಬಲಗಳು ಕಡಿಮೆ ಇವೆಯೋ ಆ ಬದಿಗೆ ಬರೆಯಿರಿ. ಇಲ್ಲಿ ಹಿಂದಿನ ಪೆಟ್ಟಿಗೆಯ ಮೇಲೆ ಅಡ್ಡವಾಗಿ ದಾರ ಬಿಟ್ಟರೆ ಬೇರೇನೂ ಇಲ್ಲ. ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು. ಇನ್ನೊಂದು ಬದಿಗೆ ಬರೆದರೂ ಉತ್ತರ ಅದೇ ಬರಬೇಕು, ಅದನ್ನು ತಾಳೆ ನೋಡಲು ಇಟ್ಟುಕೊಳ್ಳಿ: 20 − 8 = 3 × 4. ಸರಿ ಇದೆ.

ರೈಲನ್ನು ನೆನೆಸಿಕೊಂಡರೆ ಇದು ಇನ್ನೂ ಸುಲಭ. ಸಮ ತೂಕದ 10 ಬೋಗಿಗಳನ್ನು ಎಂಜಿನ್ ಎಳೆಯುತ್ತಾ ವೇಗ ಹೆಚ್ಚಿಸಿಕೊಳ್ಳುತ್ತಿದೆ. ಎಂಜಿನ್ ಪಕ್ಕದ ಕೊಂಡಿಯ ಹಿಂದೆ 10 ಬೋಗಿ, ಕೊನೆಯ ಕೊಂಡಿಯ ಹಿಂದೆ ಒಂದೇ. ಕೊನೆಯ ಕೊಂಡಿಯ ಟೆನ್ಷನ್ ಮೊದಲನೆಯದರ ಹತ್ತನೇ ಒಂದು ಭಾಗ. ಯಾವ ಕೊಂಡಿಯಾದರೂ ಕೇಳಬೇಕಾದ್ದು ಒಂದೇ: ಇದರ ಹಿಂದೆ ಏನೇನು ಇದೆ?

ದಾರದ ಎರಡು ತುದಿಯಲ್ಲೂ ಟೆನ್ಷನ್ ಒಂದೇ ಅಂತ ಇಷ್ಟು ಹೊತ್ತು ಸುಮ್ನೆ ಒಪ್ಪಿಕೊಂಡು ಬಂದೆವು. ಯಾಕೆ ಒಂದೇ? ಕೇಳಿದರೆ ಹತ್ತರಲ್ಲಿ ಎಂಟು ಮಂದಿ ನ್ಯೂಟನ್ನನ ಮೂರನೇ ನಿಯಮ ಅನ್ನುತ್ತಾರೆ. ಅದು ತಪ್ಪು. ಮೂರನೇ ನಿಯಮ ಹೇಳುವುದು ದಾರ ಪೆಟ್ಟಿಗೆಯನ್ನು ಎಳೆದಷ್ಟೇ ಪೆಟ್ಟಿಗೆ ದಾರವನ್ನು ಎಳೆಯುತ್ತದೆ ಅಂತ, ಒಂದು ತುದಿಯಲ್ಲಿ ನಡೆಯುವ ಮಾತು ಅದು. ಎರಡು ತುದಿಗಳನ್ನು ಸಮ ಮಾಡುವುದು ಎರಡನೇ ನಿಯಮ (ಬಲ = ದ್ರವ್ಯರಾಶಿ × ವೇಗೋತ್ಕರ್ಷ), ಜೊತೆಗೆ ದಾರ ಹಗುರ ಎನ್ನುವ ಷರತ್ತು. ದಾರಕ್ಕೆ ದ್ರವ್ಯರಾಶಿ ಇಲ್ಲದಿದ್ದರೆ ಅದನ್ನು ಎಷ್ಟೇ ವೇಗೋತ್ಕರ್ಷದಲ್ಲಿ ಓಡಿಸಲೂ ಬಲ ಬೇಡ. ಹಾಗಾಗಿ ಅದರ ಎರಡು ತುದಿಯ ಎಳೆತಗಳು ಒಂದಕ್ಕೊಂದು ಸರಿಹೋಗುತ್ತವೆ.

ದಾರದ ಬದಲು ಅರ್ಧ ಕೆಜಿಯ ದಪ್ಪ ಹಗ್ಗ ಹಾಕಿ ನೋಡಿ. ಒಟ್ಟು 5.5 ಕೆಜಿ, ವೇಗೋತ್ಕರ್ಷ ಸುಮಾರು 3.64. ಹಗ್ಗದ ಹಿಂದಿನ ತುದಿಯಲ್ಲಿ ಟೆನ್ಷನ್ 2 × 3.64, ಅಂದರೆ 7.3. ಮುಂದಿನ ತುದಿ 2.5 ಕೆಜಿ ಕರೆತರಬೇಕು, ಅಲ್ಲಿ 9.1. ನಡುವೆ ಎಲ್ಲೇ ಕತ್ತರಿಸಿದರೂ ಇವೆರಡರ ನಡುವಿನ ಒಂದು ಸಂಖ್ಯೆ ಸಿಗುತ್ತದೆ. 'ಹಗ್ಗದ ಟೆನ್ಷನ್' ಅಂತ ಒಂದೇ ಸಂಖ್ಯೆ ಹೇಳುವ ಹಾಗೇ ಇಲ್ಲ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು. ಸ್ಪ್ರಿಂಗ್ ತ್ರಾಸಿನ ಒಂದು ತುದಿಯನ್ನು ಒಬ್ಬರು 10 ನ್ಯೂಟನ್‌ನಿಂದ ಎಳೆಯುತ್ತಾರೆ, ಇನ್ನೊಂದು ತುದಿಯನ್ನು ಇನ್ನೊಬ್ಬರು 10 ನ್ಯೂಟನ್‌ನಿಂದ. ತ್ರಾಸು ಎಷ್ಟು ತೋರಿಸುತ್ತದೆ? 20 ಅನ್ನುವವರೂ ಇದ್ದಾರೆ, ಸೊನ್ನೆ ಅನ್ನುವವರೂ ಇದ್ದಾರೆ. ತೋರಿಸುವುದು 10. ಒಂದು ತುದಿಯನ್ನು ಗೋಡೆಗೆ ಕಟ್ಟಿ ಇನ್ನೊಂದನ್ನು 10 ನ್ಯೂಟನ್‌ನಿಂದ ಎಳೆದರೂ ಅದು 10 ತೋರಿಸುತ್ತದೆ ಅಂತ ಎಲ್ಲರೂ ಒಪ್ಪುತ್ತಾರೆ. ಆಗ ಗೋಡೆ ಏನು ಮಾಡುತ್ತಿತ್ತು? ಈ ಎರಡನೆಯವರು ಮಾಡುತ್ತಿರುವುದನ್ನೇ.

ಇನ್ನು ರಾಟೆ. ಹಗುರವಾದ, ಘರ್ಷಣೆ ಇಲ್ಲದ ರಾಟೆಯ ಮೇಲೆ ದಾರ ಹಾಕಿ, ಒಂದು ಕಡೆ 3 ಕೆಜಿ, ಇನ್ನೊಂದು ಕಡೆ 2 ಕೆಜಿ ಕಟ್ಟಿ. ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಕ್ಕೆ 10 ಅಂತ ಹಿಡಿಯೋಣ. ತೂಕಗಳು 30 ಮತ್ತು 20 ನ್ಯೂಟನ್. ಈ ದಾರದ ಟೆನ್ಷನ್ ಎಷ್ಟು ಅಂತ ಕೇಳಿದರೆ ನಾನು ಮೊದಲು ಮರುಪ್ರಶ್ನೆ ಹಾಕುತ್ತೇನೆ: ಕೈ ಎಲ್ಲಿದೆ?

ರಾಟೆಯನ್ನೇ ಒಂದು ಸ್ಪ್ರಿಂಗ್ ತ್ರಾಸಿಗೆ ನೇತುಹಾಕಿ ಮುಳ್ಳು ನೋಡುತ್ತಾ ಹೋಗೋಣ. ರಾಟೆಯನ್ನು ದಾರ ಎರಡೂ ಕಡೆಯಿಂದ ಕೆಳಕ್ಕೆ ಎಳೆಯುವುದರಿಂದ ಮುಳ್ಳು ತೋರಿಸುವುದು ಟೆನ್ಷನ್ನಿನ ಎರಡರಷ್ಟು. ಮೊದಲು 3 ಕೆಜಿಯನ್ನು ಕೆಳಗಿನಿಂದ ಅಂಗೈಯಲ್ಲಿ ಆನಿಸಿ ಹಿಡಿಯಿರಿ. 2 ಕೆಜಿ ಅಲುಗಾಡದೆ ನೇತಾಡುತ್ತಿದೆ, ಅದನ್ನು ಹಾಗೆ ನಿಲ್ಲಿಸಲು ದಾರ 20 ಕೊಡಬೇಕು. ಟೆನ್ಷನ್ 20, ಮುಳ್ಳು 40ರಲ್ಲಿ. ನಿಮ್ಮ ಅಂಗೈ ಮೇಲೆ ಉಳಿದ 10.

ಈಗ ಆ ಕೈ ತೆಗೆದು, 2 ಕೆಜಿ ಮೇಲೇರದಂತೆ ಅದನ್ನು ಕೆಳಕ್ಕೆ ಹಿಡಿದುಕೊಳ್ಳಿ. ದಾರ ಈಗ 3 ಕೆಜಿಯನ್ನು ಪೂರ್ತಿ ಹೊರಬೇಕು. ಟೆನ್ಷನ್ 30, ಮುಳ್ಳು 60ಕ್ಕೆ.

ಈಗ ಎರಡನ್ನೂ ಬಿಡಿ. ಗಂಟಿನ ಲೆಕ್ಕ: 30 − 20 = 10 ನ್ಯೂಟನ್ ಒಟ್ಟು 5 ಕೆಜಿಯನ್ನು ಓಡಿಸುತ್ತಿದೆ, ವೇಗೋತ್ಕರ್ಷ 2. ದಾರ ಕತ್ತರಿಸಿ 2 ಕೆಜಿಯನ್ನು ನೋಡಿ. ಅದು ಮೇಲಕ್ಕೆ 2ರ ವೇಗೋತ್ಕರ್ಷದಲ್ಲಿ ಹೋಗಬೇಕು, ಆದ್ದರಿಂದ ಟೆನ್ಷನ್ − 20 = 2 × 2. ಟೆನ್ಷನ್ 24. ಇನ್ನೊಂದು ಬದಿಯಿಂದ ತಾಳೆ: 30 − 24 = 3 × 2. ಮುಳ್ಳು 48ರಲ್ಲಿ ನಿಲ್ಲುತ್ತದೆ. ಒಟ್ಟು 5 ಕೆಜಿ ನೇತಾಡುತ್ತಿದ್ದರೂ ತ್ರಾಸು 4.8 ಕೆಜಿ ಅನ್ನುತ್ತದೆ!

ಆಟ ಮುಗಿದಿಲ್ಲ. 3 ಕೆಜಿ ನೆಲಕ್ಕೆ ಬಡಿದ ಕ್ಷಣ ನೋಡಿ. 2 ಕೆಜಿ ಮೇಲಕ್ಕೆ ಹೋಗುತ್ತಲೇ ಇದೆ, ಎಸೆದ ಚೆಂಡಿನ ಥರ. ದಾರ ಜೋಲು, ಟೆನ್ಷನ್ ಸೊನ್ನೆ, ಮುಳ್ಳು ಸೊನ್ನೆ. ಅದು ವಾಪಸ್ ಬಿದ್ದು ದಾರ ಥಟ್ಟನೆ ಬಿಗಿಯಾದಾಗ ಮುಳ್ಳು ಒಮ್ಮೆ ಜಿಗಿಯುತ್ತದೆ. ಒಂದೇ ದಾರ, ಅದೇ ಎರಡು ತೂಕ, ಐದು ಬೇರೆ ಬೇರೆ ಉತ್ತರ. ತೂಕ ನೋಡಿ ಟೆನ್ಷನ್ ಹೇಳಲು ಆಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಬಿಟ್ಟ ಮೇಲೆ ಬರುವ ಟೆನ್ಷನ್ ಯಾವಾಗಲೂ ಎರಡು ತೂಕಗಳ ನಡುವೆಯೇ ಇರಬೇಕು. ಹಗುರವಾದದ್ದು ಮೇಲೇರುತ್ತಿದೆ ಅಂದರೆ ದಾರ ಅದರ ತೂಕಕ್ಕಿಂತ ಜಾಸ್ತಿ ಎಳೆಯುತ್ತಿದೆ, ಭಾರದ್ದು ಇಳಿಯುತ್ತಿದೆ ಅಂದರೆ ಅದರ ತೂಕಕ್ಕಿಂತ ಕಡಿಮೆ ಎಳೆಯುತ್ತಿದೆ. ನಿಮ್ಮ ಉತ್ತರ ಈ ಎರಡರ ಹೊರಗೆ ಬಂದರೆ ಚಿಹ್ನೆ ಎಲ್ಲೋ ತಪ್ಪಿದೆ ಅಂತಲೇ ಲೆಕ್ಕ. 3 ಕೆಜಿ ಬದಲು 100 ಕೆಜಿ ಕಟ್ಟಿದರೆ ಟೆನ್ಷನ್ 1000ದ ಹತ್ತಿರ ಹೋಗುತ್ತದೆ ಅಂದುಕೊಂಡಿರಾ? ಬರುವುದು 39.2. ಎಷ್ಟೇ ಭಾರ ಕಟ್ಟಿದರೂ 40 ದಾಟುವುದಿಲ್ಲ. ಭಾರದ್ದು ಹೆಚ್ಚೆಂದರೆ ಸ್ವತಂತ್ರವಾಗಿ ಬೀಳುವಂತೆ 10ರ ವೇಗೋತ್ಕರ್ಷದಲ್ಲಿ ಬೀಳಬಹುದು. ಆಗ 2 ಕೆಜಿಯನ್ನು ಅದೇ 10ರಲ್ಲಿ ಮೇಲೆತ್ತಲು ಬೇಕಾದ್ದು ಅದರ ತೂಕದ 20, ಓಡಿಸಲು ಇನ್ನೊಂದು 20. ಅದಕ್ಕಿಂತ ಜಾಸ್ತಿ ಎಳೆಯುವ ಪ್ರಮೇಯವೇ ದಾರಕ್ಕೆ ಬರುವುದಿಲ್ಲ.

ಈ ಜೋಡಣೆಗೆ ಅಟ್‌ವುಡ್ ಯಂತ್ರ ಎಂದು ಹೆಸರು. ಕೇಂಬ್ರಿಡ್ಜ್‌ನಲ್ಲಿ ಪಾಠ ಹೇಳಿದ್ದ ಜಾರ್ಜ್ ಅಟ್‌ವುಡ್ ಇದನ್ನು 1784ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಅವರಿಗೆ ಟೆನ್ಷನ್ ಲೆಕ್ಕ ಮುಖ್ಯವಾಗಿರಲಿಲ್ಲ, ಬೀಳುವುದನ್ನು ಅಳೆಯುವಷ್ಟು ನಿಧಾನ ಮಾಡುವುದು ಬೇಕಿತ್ತು. ಎರಡು ಕಡೆ ಒಂದೊಂದು ಕೆಜಿ ಕಟ್ಟಿ ಒಂದು ಕಡೆ 20 ಗ್ರಾಂ ಹೆಚ್ಚು ಇಟ್ಟರೆ, 1 ಮೀಟರ್ ಇಳಿಯಲು ಸುಮಾರು 4.5 ಸೆಕೆಂಡ್ ಬೇಕು. ಕೈಬಿಟ್ಟ ವಸ್ತು ಅದನ್ನೇ 0.45 ಸೆಕೆಂಡಿನಲ್ಲಿ ಮುಗಿಸುತ್ತದೆ. ರಾಟೆಯ ಅಚ್ಚನ್ನು ಪುಟ್ಟ ಚಕ್ರಗಳ ಮೇಲೆ ಕೂರಿಸಿ ಘರ್ಷಣೆಯನ್ನೂ ಆದಷ್ಟು ಕಡಿಮೆ ಮಾಡಿದ್ದರು. ನಮ್ಮ ಲೆಕ್ಕಗಳಲ್ಲಿ 'ಹಗುರ, ಘರ್ಷಣೆ ಇಲ್ಲದ ರಾಟೆ' ಅಂತ ಒಂದು ಮಾತಿನಲ್ಲಿ ಬರೆಯುವುದಕ್ಕೆ ಅವರು ಅಷ್ಟೆಲ್ಲ ಪಾಡು ಪಡಬೇಕಾಯಿತು. ರಾಟೆಗೇ ದ್ರವ್ಯರಾಶಿ ಇದ್ದು, ದಾರ ಜಾರದೆ ಅದನ್ನು ತಿರುಗಿಸುತ್ತಿದ್ದರೆ ಎರಡು ಕಡೆಯ ಟೆನ್ಷನ್ ಬೇರೆ ಬೇರೆ ಆಗುತ್ತದೆ, ಯಾಕೆಂದರೆ ತಿರುಗಿಸಲು ಆ ವ್ಯತ್ಯಾಸವೇ ಬೇಕು. ಅದು ಭ್ರಮಣ ಚಲನೆಯ (ತಿರುಗುವ ವಸ್ತುಗಳ) ಪಾಠಕ್ಕೆ ಬಂದಾಗ ನೋಡಿದರೆ ಸಾಕು.

ಮೇಜಿನ ಅಂಚಿನ ರಾಟೆಯ ಲೆಕ್ಕದಲ್ಲಿ ಘರ್ಷಣೆ ಸೇರಿದರೆ ಅಂಕಗಳು ಸೋರಿ ಹೋಗುವುದು ಜಾಸ್ತಿ. ಮೇಜಿನ ಮೇಲೆ 4 ಕೆಜಿ, ಅಂಚಿನಲ್ಲಿ ನೇತಾಡುವುದು 1 ಕೆಜಿ. ಘರ್ಷಣೆ ಇಲ್ಲದಿದ್ದರೆ ವೇಗೋತ್ಕರ್ಷ 10 ÷ 5 = 2, ಟೆನ್ಷನ್ 4 × 2 = 8. ನೇತಾಡುವುದರ ತೂಕ 10, ಟೆನ್ಷನ್ ಅದಕ್ಕಿಂತ ಕಡಿಮೆ. ಇಲ್ಲದಿದ್ದರೆ ಅದು ಇಳಿಯುವುದಾದರೂ ಹೇಗೆ? ಘರ್ಷಣ ಗುಣಾಂಕ 0.1 ಅಂದರೆ ಮೇಜಿನ ಮೇಲಿನದರ ತೂಕ 40ರ 0.1 ಪಟ್ಟು, 4 ನ್ಯೂಟನ್ ತಡೆ, ವೇಗೋತ್ಕರ್ಷ 6 ÷ 5 = 1.2. ಟೆನ್ಷನ್ 4 × 1.2ರ ಜೊತೆ ತಡೆಯ 4 ಸೇರಿ 8.8. ಘರ್ಷಣೆ ಹೆಚ್ಚಿದರೆ ಟೆನ್ಷನ್ ಹೆಚ್ಚಿತು, ನೋಡಿದಿರಾ.

ಗುಣಾಂಕ 0.3 ಆದರೆ? ಕಣ್ಣು ಮುಚ್ಚಿ ಹಾಕಿದರೆ 10 − 12 = −2, ವೇಗೋತ್ಕರ್ಷ −0.4. ಅಂದರೆ 1 ಕೆಜಿ ತಾನಾಗಿ ಮೇಲೇರುತ್ತದಾ? ಘರ್ಷಣೆ ಎಳೆದುಕೊಂಡು ಹೋಗುವುದಿಲ್ಲ, ತಡೆಯುತ್ತದೆ ಅಷ್ಟೇ. ಇಲ್ಲಿ ಯಾವುದೂ ಚಲಿಸುತ್ತಿಲ್ಲ. ಟೆನ್ಷನ್ 10, ಘರ್ಷಣೆಯೂ 10. 12 ಎನ್ನುವುದು ಅದು ಕೊಡಬಲ್ಲ ಗರಿಷ್ಠ, ಬೇಕಾದ್ದು 10 ಇದ್ದಾಗ 10 ಮಾತ್ರ ಕೊಡುತ್ತದೆ. ಈ ವಿಷಯದಲ್ಲಿ ಘರ್ಷಣೆ ಮತ್ತು ಟೆನ್ಷನ್ ಅಕ್ಕ ತಂಗಿಯರು.

ನಿಮ್ಮ ಮೊದಲ ಲೆಕ್ಕಕ್ಕೇ ಘರ್ಷಣೆ ಸೇರಿಸಿದರೆ ಒಂದು ತಮಾಷೆ ಇದೆ. ಎರಡೂ ಪೆಟ್ಟಿಗೆಗೆ ಗುಣಾಂಕ 0.2 ಇರಲಿ. ತಡೆ 6 ಮತ್ತು 4, ಉಳಿಯುವ ಬಲ 10, ವೇಗೋತ್ಕರ್ಷ 2. ಹಿಂದಿನ ಪೆಟ್ಟಿಗೆಗೆ ಬೇಕಾದ್ದು ಓಡಿಸಲು 4, ತಡೆ ಮೀರಲು 4. ಟೆನ್ಷನ್ ಮತ್ತೆ 8! ವೇಗೋತ್ಕರ್ಷ ಅರ್ಧಕ್ಕಿಳಿದರೂ ಟೆನ್ಷನ್ ಕದಲಲಿಲ್ಲ. ಇಲ್ಲಿ ತಡೆಯೂ ದ್ರವ್ಯರಾಶಿಗೆ ತಕ್ಕಂತೆ ಹಂಚಿಹೋಗುತ್ತದೆ, ಹಾಗಾಗಿ 20ರಲ್ಲಿ ಐದನೇ ಎರಡು ಪಾಲು ಹಿಂದಿನದಕ್ಕೆ ಎನ್ನುವುದು ಬದಲಾಗುವುದಿಲ್ಲ. ಎರಡಕ್ಕೂ ಗುಣಾಂಕ ಒಂದೇ ಇದ್ದು, ಪೆಟ್ಟಿಗೆಗಳು ಚಲಿಸುತ್ತಿದ್ದರೆ ಮಾತ್ರ ಈ ಮಾತು.

ಟೆನ್ಷನ್‌ಗೇ ಮೈನಸ್ ಉತ್ತರ ಬಂದರೆ? ಇಳಿಜಾರಿನಲ್ಲಿ ಒಂದರ ಹಿಂದೆ ಒಂದು ಜಾರುವ ಎರಡು ಪೆಟ್ಟಿಗೆಗಳಲ್ಲಿ, ಮೇಲಿನದು ಹೆಚ್ಚು ನುಣುಪಾಗಿದ್ದರೆ ಹೀಗಾಗುತ್ತದೆ. ಮೇಲಿನದು ಕೆಳಗಿನದನ್ನು ಹಿಂದಿನಿಂದ ತಳ್ಳಬೇಕು ಅಂತ ಲೆಕ್ಕ ಹೇಳುತ್ತಿದೆ. ಗಟ್ಟಿ ಸರಳಾದರೆ ತಳ್ಳುತ್ತದೆ, ದಾರ ತಳ್ಳುವುದಿಲ್ಲ. ಆಗ ಟೆನ್ಷನ್ ಸೊನ್ನೆ ಅಂತ ಬರೆದು, ಎರಡನ್ನೂ ಬಿಡಿಬಿಡಿಯಾಗಿ ಲೆಕ್ಕ ಮಾಡಿ. ಎರಡೂ ಪೂರ್ತಿ ನುಣುಪಾಗಿದ್ದರೆ ಒಂದೇ ವೇಗೋತ್ಕರ್ಷದಲ್ಲಿ ಜಾರುತ್ತವೆ, ದಾರಕ್ಕೆ ಕೆಲಸವೇ ಇಲ್ಲ.

ಕೊನೆಯದಾಗಿ, ಗಂಟಿನ ಉಪಾಯ ನೇರವಾಗಿ ನಡೆಯದ ಒಂದು ಲೆಕ್ಕ. ದಾರದ ಒಂದು ತುದಿ ಚಾವಣಿಗೆ. ಅಲ್ಲಿಂದ ಇಳಿದು 4 ಕೆಜಿ ಹೊತ್ತ ಚಲಿಸುವ ರಾಟೆಯ ಅಡಿಯಿಂದ ಬಂದು, ಮೇಲಿನ ಸ್ಥಿರ ರಾಟೆಯನ್ನು ದಾಟಿ, 3 ಕೆಜಿಗೆ ಕಟ್ಟಿದೆ. 4 ಕೆಜಿ ಒಂದು ಅಡಿ ಮೇಲೇರಿದರೆ ಅದರ ಎರಡೂ ಬದಿಯ ದಾರ ಒಂದೊಂದು ಅಡಿ ಚಿಕ್ಕದಾಗುತ್ತದೆ. ಆ ಎರಡು ಅಡಿ ದಾರ 3 ಕೆಜಿಯ ಕಡೆಗೆ ಹೋಗಬೇಕು. ಆದ್ದರಿಂದ 3 ಕೆಜಿಯ ವೇಗೋತ್ಕರ್ಷ 4 ಕೆಜಿಯದರ ಎರಡರಷ್ಟು. ಎರಡೂ ಒಂದೇ ವೇಗೋತ್ಕರ್ಷದಲ್ಲಿ ಓಡದಿದ್ದಾಗ ಸುಮ್ನೆ ದ್ರವ್ಯರಾಶಿ ಕೂಡಿಸುವ ಹಾಗಿಲ್ಲ, ಒಂದೊಂದಕ್ಕೂ ಬೇರೆ ಬರೆಯಬೇಕು. 4 ಕೆಜಿಯ ವೇಗೋತ್ಕರ್ಷವನ್ನು 'ವ' ಅನ್ನೋಣ, ಟೆನ್ಷನ್ 'ಟ'.

2ಟ − 40 = 4ವ
30 − ಟ = 3 × 2ವ

ಎರಡನೆಯದರಿಂದ ಟ = 30 − 6ವ. ಅದನ್ನು ಮೊದಲನೆಯದಕ್ಕೆ ಹಾಕಿದರೆ 20 = 16ವ, ಅಂದರೆ ವ = 1.25. ಟೆನ್ಷನ್ 22.5. ತಾಳೆ ನೋಡಿ: 45 − 40 = 5, ಅದು 4 × 1.25 ಕ್ಕೆ ಸರಿ. 3 ಕೆಜಿಯ ಬದಲು 2 ಕೆಜಿ ಕಟ್ಟಿದರೆ ಏನು ಬರುತ್ತದೆ ಅಂತ ನೀವೇ ಮಾಡಿ. ಪೆನ್ನು ಹಿಡಿಯುವ ಮೊದಲೇ ಉತ್ತರ ಹೊಳೆದರೆ ಇನ್ನೂ ಒಳ್ಳೆಯದು.